ನೀರಿನಂಚಿನ ಗೂಟ

ಗಬ್ಬೂರ, ಹುಬ್ಬಳ್ಳಿ
ತಾ. ೧೬-೯-೧೯೬೪

ತಮ್ಮ ಅರ್ಜುನಪ್ಪನಿಗೆ,

ಅಣ್ಣನ ಆಶೀರ್ವಾದ, ಬೇಕಿದ್ದರೆ ತೊಗೊ. ನಿನ್ನ ಹೊಟ್ಟೆನೋವು ಹೇಗಿದೆ? ವಿಜಾಪುರದ ನೀರು ಸವಳು, ಕಾಯಿಸಿ ಕುಡಿ ಎಂದು ಹೋದ ವರ್ಷವೂ ಬರೆದಿದ್ದೆ. ಕುಡಿದೆಯೋ ಬಿಟ್ಟೆಯೋ ಯಾರಿಗೆ ಗೊತ್ತು. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟ ನಾನು ವರ್ಷಕ್ಕೊಂದು ಪತ್ರ ಬರೆಯುತ್ತೇನೆ, ಮಾಸ್ತರನಾದ ನಿನಗೆ ಒಂದು ಕಾರ್ಡು ಬರೆಯಲು ಕೈ ಬರುವುದಿಲ್ಲ. ನಿನ್ನ ಹೆಂಡತಿ ಸಾವಕ್ಕ ಹೇಗಿದ್ದಾಳೆ? ಅವಳು ಯಾರ ಜೊತೆಗೂ ಮಾತಾಡುವುದಿಲ್ಲವಂತೆ, ಬಾವಿಯ ಹತ್ತಿರ ಸುಳಿಯುವುದಿಲ್ಲವಂತೆ, ನೀರು ನೀನೇ ಸೇದುತ್ತೀಯಂತೆ. ನನ್ನ ಮನೆಯಾಕೆ, ನಿಮ್ಮ ವೈನಿ ಯಂಕವ್ವ ಎಲ್ಲಿಯೋ ಕೇಳಿಕೊಂಡು ಬಂದು ಎರಡು ದಿನ ಉಣ್ಣಲಿಲ್ಲ. ಬೈದೆ. ಬೈದರೂ ಉಣ್ಣಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ದಸರಾ ರಜೆಯಲ್ಲಿ ಹೊಳೆಗೆ ಹೋಗುವುದು. ಶೀಗಿ ಹುಣ್ಣಿಮೆಗೆ ಮಲಪ್ರಭೆಯ ದಂಡೆಯಲ್ಲಿ ಡೇರೆ ಹೊಡೆದು ಮೂರು ದಿನ ಇದ್ದು ಬರುವುದು ಅಪ್ಪನ ಕಾಲದಿಂದ ನಡೆದದ್ದು. ಆರು ವರ್ಷದಿಂದ ಯಾರೂ ಹೋಗಿಲ್ಲ. ಹಜರತಅಲಿಗೆ ಎತ್ತಿನ ಚಕ್ಕಡಿ ಹೇಳಿದ್ದೇನೆ. ನೀವಿಬ್ಬರೂ ರೈಲಿನಲ್ಲಿ ಹುಬ್ಬಳ್ಳಿಗೆ ಬರ್ರಿ, ಇಲ್ಲಿಂದ ಕೂಡಿ ಹೋಗುವುದು. ಕಡಕ ರೊಟ್ಟಿ, ಶೇಂಗಾ ಚಟ್ನಿ ಯಂಕವ್ವನ ಪಾಲು. ಹಾಸಿಗೆ ನೀವು ತರಬೇಕಿಲ್ಲ. ಡೇರೆ ಅದೇ. ಒಗೆದು ಬಿಸಿಲಿಗೆ ಹಾಕಿದ್ದೇನೆ, ಕೊಡವಿದರೆ ಹೊಲಿಗೆಯಿಂದ ಇನ್ನೂ ಉಸುಕು ಉದುರುತ್ತದೆ. ಈ ಸಲ ಕೆಳಗೆ ಉಸುಕಿನ ಮೇಲೆ ಹೊಡೆಯುವುದಿಲ್ಲ. ಮೇಲೆ ಹುಣಸೆಮರದ ಹತ್ತಿರ, ಕಲ್ಲುನೆಲದಲ್ಲಿ, ಗಾಳಿಗೆ ಬೆನ್ನು ಮಾಡಿ. ಮಾಮಲೇದಾರರ ಕ್ಯಾಂಪಿಗೆ ಇಪ್ಪತ್ತೆಂಟು ವರ್ಷ ಡೇರೆ ಹೊಡೆದ ಖಲಾಸಿ ನಾನು. ಡೇರೆ ನಿಂತ ಕೂಡಲೆ ನೀರಿನಂಚಿಗೆ ಒಂದು ಗೂಟ ಬಡಿಯಬೇಕು, ತಾಸಿಗೊಮ್ಮೆ ಹೋಗಿ ನೋಡಬೇಕು. ನನಗೆ ಕೆಲಸ ಕಲಿಸಿದ ಮುದುಕ ದುರಗಪ್ಪ ಹೇಳುತ್ತಿದ್ದ, ‘ಗೂಟದ ಬುಡ ತೋಯ್ತಂದ್ರ ಸಾಹೇಬನ್ನ ಕೇಳಾಕ ಹೋಗಬ್ಯಾಡಲೇ, ಡೇರಿ ಕೀಳು.’ ನಮ್ಮ ತಲೆಯ ಮೇಲೆ ಬಿಸಿಲಿದ್ದರೂ ಆಚೆ ಖಾನಾಪುರದ ಕಡೆ ಮಳೆಯಾದರೆ ಹೊಳೆ ಬರುತ್ತದೆ.

ಉಡಚಿಯ ಹೆಸರು ಎತ್ತಬ್ಯಾಡ್ರಿ ಎಂದು ಯಂಕವ್ವ ಬಾಗಿಲಲ್ಲಿ ನಿಂತು ಹೇಳುತ್ತಿದ್ದಾಳೆ. ಎತ್ತದೆ ಏನು ಬರೆಯಲಿ? ನಮ್ಮ ಅವ್ವನ ಹೆಸರಿಟ್ಟ ನಿಮ್ಮ ಕೂಸು, ಮೂರು ತುಂಬಿರಲಿಲ್ಲ. ಅವತ್ತು ಮುಂಜಾನೆ ಹೊಳೆದಂಡೆಯಲ್ಲಿ ಸಾವಕ್ಕ ಸೆರಗು ತಲೆಯ ಮೇಲೆ ಎಳೆದುಕೊಂಡು, ‘ಭಾವಾರ, ಡೇರಿ ಒಂದೀಟ ಮ್ಯಾಲ ಹೊಡದ್ರ ಆಗೂದಿಲ್ಲೇನ್ರಿ’ ಅಂದಳು. ‘ನೀ ರೊಟ್ಟಿ ಬಡಿ, ಡೇರಿ ನನಗ ಬಿಡು’ ಅಂದೆ. ನೀನೂ ನಕ್ಕೆ. ಊಟದ ಹೊತ್ತಿಗೆ ಗೂಟ ಒಣಗಿತ್ತು, ನೀನೇ ನೋಡಿದ್ದಿ. ಉಂಡು ನಾವಿಬ್ಬರೂ ಮೇಲೆ ಮರದ ನೆರಳಿಗೆ ಅಡ್ಡಾದೆವು. ಕೂಸು ಡೇರೆಯಲ್ಲಿ ಮಲಗಿತ್ತು, ಹೆಂಗಸರು ಕಟ್ಟಿಗೆ ಆರಿಸಲು ಹೋದರು. ಆಗ ನೀರು ಬಂತು. ಡೇರೆ ಸಂಜೆಗೆ ಸಿಕ್ಕಿತು, ಕೂಸು ಮರುದಿನ. ಮಣ್ಣು ಮಾಡಿ ಬಂದು ಹತ್ತು ಜನರ ಎದುರಿಗೆ ನಾನು, ‘ಗೂಟ ಒಣಗಿತ್ತು, ನೀರು ಒಮ್ಮಿಗ್ಲೇ ಬಂತು. ಮಲಗಿದ ಕೂಸಿನ್ನ ಬಿಟ್ಟು ಹೋದಾಕಿ ತಾಯೇನು?’ ಅಂದೆ. ಯಾರೂ ನನಗೆ ಎದುರಾಡಲಿಲ್ಲ. ಅವಳೂ ಆಡಲಿಲ್ಲ. ಅವತ್ತಿನಿಂದ ಯಾರ ಜೊತೆಗೂ ಆಡಲಿಲ್ಲ.

ರಜೆ ಯಾವಾಗಿನಿಂದ ಎಂದು ಬರೆ. ಬರೆಯುವುದಿಲ್ಲ, ಗೊತ್ತಿದೆ. ಆದರೂ ಬರೆ. ಯಂಕವ್ವ ನಿಮ್ಮಿಬ್ಬರನ್ನೂ ಕೇಳಿದ್ದಾಳೆ. ಮೈಯ ಕಡೆ ನೋಡಿಕೊಳ್ಳಿರಿ.

ನಿನ್ನ ಅಣ್ಣ
ಗೋವಿಂದಪ್ಪ

ತಾ.ಕ.: ಟಪಾಲು ಹೋಗುವ ಹೊತ್ತಾಯಿತು, ಜಾಗವೂ ಇಲ್ಲ, ಅಂಚಿನಲ್ಲಿ ಬರೆಯುತ್ತಿದ್ದೇನೆ. ನೀನು ನೋಡಿದ್ದು ಎರಡನೆಯ ಸಲ ಬಡಿದ ಗೂಟ. ಉಣ್ಣುವ ಮೊದಲು ಕೈ ತೊಳೆಯಲು ಹೋದಾಗ ಗೂಟದ ಅರ್ಧಕ್ಕೆ ನೀರು ಬಂದಿತ್ತು. ಈಗ ಡೇರೆ ಕಿತ್ತರೆ ಸಾವಕ್ಕ ಹೇಳಿದ್ದೇ ಖರೇ ಆಗುತ್ತದೆ ಎಂದು ಗೂಟ ಕಿತ್ತು ನಾಲ್ಕು ಮೊಳ ಮೇಲೆ ಒಣ ಉಸುಕಿನಲ್ಲಿ ಬಡಿದು ಬಂದು, ನಿನ್ನ ಪಕ್ಕದಲ್ಲಿ ಕೂತು ಉಂಡೆ. ಅವಳಿಗೆ ಓದಲು ಬರುವುದಿಲ್ಲ. ಮೇಲಿನದೆಲ್ಲ ಬಿಡು, ಇದೊಂದನ್ನು ಓದಿ ಹೇಳು. ಹೇಳಿದ ಮೇಲೆ ನೀವು ಬರುವುದಿಲ್ಲ. ಚಕ್ಕಡಿ ಬೇಡವೆಂದು ಹಜರತಅಲಿಗೆ ಇವತ್ತೇ ಹೇಳಿ ಬರುತ್ತೇನೆ.