ಅರಮನೆಯ ಹಗ್ಗದ ಮೇಲಿನ ಬಟ್ಟೆ

ಅಕ್ಟೋಬರ್ 14, ಮಂಗಳವಾರ, ಡ್ಯಾನ್‌ವಿಲ್

ಬೆಳಿಗ್ಗೆಯಿಂದ ಆ ಕಾಗದದ್ದೇ ಯೋಚನೆ. ಬಾಲ್ಕನಿಯಲ್ಲಿ ಬಟ್ಟೆ ಒಣಗಿಸಬಾರದು ಎಂದು ಅಪಾರ್ಟ್‌ಮೆಂಟಿನ ಅಸೋಸಿಯೇಷನ್ನಿನವರು ಬರೆದಿದ್ದಾರೆ. ಮಂಡ್ಯದಿಂದ ಈ ದೇಶಕ್ಕೆ ಬಂದು ಎರಡು ತಿಂಗಳಾದರೂ ಅಮ್ಮನಿಗೆ ಡ್ರೈಯರ್ ಒಗ್ಗಿಲ್ಲ. ದಿನವೂ ಸೀರೆ ಹಿಂಡಿ ಬಾಲ್ಕನಿಯ ಕಂಬಿಯ ಮೇಲೆ ಹರವುತ್ತಾಳೆ. ಮೀಟಿಂಗಿನ ಅವಸರದಲ್ಲಿ, "ಒಳಗ್ ಹಾಕಮ್ಮ, ನೋಡೋರಿಗೆ ಅಸಹ್ಯ" ಅಂದುಬಿಟ್ಟೆ. ಕಾಗದದಲ್ಲಿ ಆ ಮಾತಿರಲಿಲ್ಲ. ಅದು ನನ್ನದೇ.

ಸಂಜೆ ಅಮ್ಮ ಹಾಲ್‌ನ ಗೋಡೆಯ ಫೋಟೋ ಮುಂದೆ ನಿಂತಿದ್ದಳು. ಹೋದ ವರ್ಷ ಕ್ರೊಯೇಷಿಯಾದ ಸ್ಪ್ಲಿಟ್‌ನಲ್ಲಿ ನಾನೇ ತೆಗೆದು, ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿದ್ದು.

"ಇದ್ಯಾವ ಊರವ್ವಾ?" ಎಂದು ನನ್ನನ್ನು ಕೇಳಿದಳು.

ರೋಮಿನ ಚಕ್ರವರ್ತಿಯೊಬ್ಬ ಹದಿನೇಳುನೂರು ವರ್ಷಗಳ ಹಿಂದೆ ಕಟ್ಟಿಸಿಕೊಂಡ ಅರಮನೆ, ಆಮೇಲೆ ಜನ ಒಳಗೆ ಸೇರಿಕೊಂಡು ಅದೇ ಪೇಟೆಯಾಯಿತು, ಇವತ್ತಿಗೂ ಅಲ್ಲಿ ಸಂಸಾರಗಳಿವೆ ಎಂದೆ. ಮಗಳು ಅಕ್ಷಯಾ ಹೋಮ್‌ವರ್ಕಿನಿಂದ ತಲೆಯೆತ್ತದೆ, "ಅಮ್ಮಾಸ್ ಫೇವರಿಟ್ ಫೋಟೋ, ಅಜ್ಜಿ" ಅಂದಳು.

ಅಮ್ಮ ಬೆರಳಿಟ್ಟು ತೋರಿಸಿದಳು. ಅರಮನೆಯ ಕಂಬಗಳ ನಡುವಿನ ಹಗ್ಗದಲ್ಲಿ ಯಾರದೋ ದುಪ್ಪಟಿ, ಮಕ್ಕಳ ಚಡ್ಡಿಗಳು.

"ಇವ್ರಿಗ್ಯಾರೂ ಕಾಗ್ದ ಬರಿಯಕ್ಕಿಲ್ವಾ?"

ನಾನು ಫೋಟೋ ತೆಗೆದದ್ದೇ ಆ ಬಟ್ಟೆಗಳಿಗಾಗಿ. ಅವಿಲ್ಲದಿದ್ದರೆ ಅದು ಬರೀ ಕಲ್ಲು ಎಂದು ಮನೆಗೆ ಬಂದವರಿಗೆಲ್ಲ ಹೇಳಿದ್ದೇನೆ.

ಸೀರೆ ಬಚ್ಚಲುಮನೆಯಲ್ಲಿದೆ. ಈಗ ಹೋಗಿ ಮುಟ್ಟಿ ನೋಡಿದೆ, ಇನ್ನೂ ಒದ್ದೆ. ನಾಳೆ ಅವಳೇಳುವ ಮೊದಲೇ ನಾನೇ ಅದನ್ನು ಬಾಲ್ಕನಿಗೆ ಒಯ್ದು ಕಂಬಿಯ ಮೇಲೆ ಹರವುತ್ತೇನೆ.