ಎಡಗೆನ್ನೆಯ ಬಿಸಿಲು

ಮಾರ್ಚ್ 4, ಮಂಗಳವಾರ. ಬೆಳಿಗ್ಗೆ 5.40

ಮುಖ ತೊಳೆದೆ, ಒರೆಸಿದೆ, ಹಚ್ಚಿದೆ. ಮೂರನೆಯ ದಿನ. ಕನ್ನಡಿಯಲ್ಲಿ ನಾನಿಲ್ಲ, ಹೊಸದಾಗಿ ಸುಣ್ಣ ಬಳಿದ ಕಾಂಪೌಂಡ್ ಗೋಡೆ. ಉಜ್ಜಿದಷ್ಟೂ ಬೂದಿ ಬಣ್ಣ. ಹತ್ತು ನಿಮಿಷಕ್ಕೆ ಅದರಡಿಯಿಂದ ಎಣ್ಣೆ ಜಿನುಗುತ್ತದೆ. ಅದು ಟ್ಯೂಬಿನ ಎಣ್ಣೆಯಲ್ಲ, ನನ್ನದೇ. ನಲವತ್ಮೂರು ತುಂಬಿದರೂ ಬತ್ತುವ ಲಕ್ಷಣವಿಲ್ಲ.

ಅಮ್ಮ ಬಾಗಿಲಲ್ಲಿ ನಿಂತು ನೋಡಿದಳು. "ಯಾವ ನಾಟಕ? ನಿಂದೇನು ಪಾತ್ರ?"

ಚರ್ಮದ ಡಾಕ್ಟರು ಎರಡೇ ಮಾತು ಹೇಳಿದ್ದಾರೆ. ದಿನಾ ಸನ್‌ಸ್ಕ್ರೀನ್ ಹಚ್ಚಿ, ಆಗಲ್ಲ ಅಂದ್ರೆ ಕಾರಿನ ಕೆಲಸ ಬಿಡಿ. ಹತ್ತೊಂಬತ್ತು ವರ್ಷದಿಂದ ಡ್ರೈವಿಂಗ್ ಕಲಿಸುತ್ತಿದ್ದೇನೆ. ಕಲಿಯುವವರು ಬಲಕ್ಕೆ, ನಾನು ಎಡಕ್ಕೆ, ನನ್ನ ಕಾಲಡಿಯಲ್ಲಿ ಎರಡನೆಯ ಬ್ರೇಕು. ಎಡಕಿಟಕಿಯ ಬಿಸಿಲೆಲ್ಲ ಎಡಗೆನ್ನೆಗೆ. ಅಲ್ಲೀಗ ಮೂರು ಬೆರಳಗಲ ಬಂಗು, ಒಣಗಿದ ಕಾಫಿ ಕಲೆಯ ಹಾಗೆ. ಗಾಜು ಏರಿಸಿಯೇ ಇರ್ತೀನಲ್ಲ ಡಾಕ್ಟ್ರೇ ಅಂದೆ. ಗಾಜು ಮುಖ ಸುಡೋದನ್ನ ತಡೆಯುತ್ತೆ, ಕಪ್ಪಾಗೋದನ್ನ ತಡೆಯಲ್ಲ ಅಂದರು.

ಕೆಲಸ ಬಿಡುವ ಮಾತೇ ಇಲ್ಲ. ಹಚ್ಚುತ್ತೇನೆ.

ಮಾರ್ಚ್ 5, ಬುಧವಾರ. ಮಧ್ಯಾಹ್ನ

ನರ್ಸಮ್ಮ ಇವತ್ತು ಫಸ್ಟ್ ಗೇರ್‌ನಲ್ಲೇ ನಕ್ಕರು. ಐವತ್ತೆಂಟು ವಯಸ್ಸು, ರಿಟೈರಾದ ನರ್ಸು, ಟೆಸ್ಟಿನಲ್ಲಿ ಎರಡು ಸಲ ಫೇಲು. ಎರಡೂ ಸಲ ಏರಿನಲ್ಲಿ ಗಾಡಿ ಹಿಂದಕ್ಕೆ ಜಾರಿ. "ಟೀಚರ್, ತಪ್ಪು ತಿಳ್ಕೋಬೇಡಿ. ನಿಮ್ಮ ಕುತ್ತಿಗೆ ನಿಮ್ದು, ಮುಖ ಬೇರೆ ಯಾರ್ದೋ."

ನಾನೂ ನಕ್ಕೆ. ನಕ್ಕಾಗ ಬಾಯಿಯ ಪಕ್ಕ ಬಿಳಿ ಗೆರೆ ಎದ್ದಿತಂತೆ. ಅದಕ್ಕೂ ನಕ್ಕರು. ಗಾಡಿ ಆಫ್.

ಒಂದು ತೀರ್ಮಾನ ಮಾಡಿದೆ. ಟೆಸ್ಟ್ ಶೀಟಿನ ಹಿಂಬದಿಯಲ್ಲಿ ಗೆರೆ ಎಳೆದೆ. ಕಲಿಯುವವರಿಗೆ ಹಾಕುವ ಹಾಗೆಯೇ ಅಂಕ. ಹೊರಡುವುದು: ಹಚ್ಚಿದ ಕೂಡಲೇ ಹೇಗಿದೆ. ತಿರುವು: ಒಂದು ಗಂಟೆಯ ನಂತರ. ಏರು: ಮಧ್ಯಾಹ್ನದ ಬೆವರಿನಲ್ಲಿ. ನಿಲುಗಡೆ: ಸಂಜೆ ಮೊಡವೆ ಎದ್ದಿದೆಯೋ ಇಲ್ಲವೋ. ಸುಣ್ಣದ ಟ್ಯೂಬು ಹೊರಡುವುದರಲ್ಲೇ ಫೇಲ್.

ಮಾರ್ಚ್ 8, ಶನಿವಾರ

ಎರಡನೆಯದು. ಮೆಡಿಕಲ್ ಶಾಪಿನವನು ಕಣ್ಣು ಮುಚ್ಚಿಕೊಂಡು ಕೊಟ್ಟ: "ಎಲ್ರೂ ಇದನ್ನೇ ತಗೊಳ್ಳೋದು ಮೇಡಂ." ಎಲ್ಲರ ಮುಖ ನನ್ನದಲ್ಲ ಎಂದು ಅಲ್ಲೇ ಹೇಳಬೇಕಿತ್ತು. ಹೊರಡುವುದು ಪಾಸ್, ಬಿಳಿ ಇಲ್ಲ. ತಿರುವಿನಲ್ಲಿ ಹಣೆ ಮಿರಮಿರ. ಏರಿನಲ್ಲಿ ಕರಗಿ ಹುಬ್ಬಿಗಿಳಿದು ಕಣ್ಣಿಗೆ. ಉರಿ. ಗದ್ದದ ಮೇಲೆ ಎರಡು ಮೊಡವೆ. ಈ ವಯಸ್ಸಿನಲ್ಲಿ ಮೊಡವೆ! ಸ್ಕೂಲು ಬಿಟ್ಟಾಗಲೇ ಅವಕ್ಕೂ ಟಾಟಾ ಹೇಳಿದ್ದೆ ಅಂದುಕೊಂಡಿದ್ದೆ.

ಆದರೂ ಮೂರು ದಿನ ನೋಡಬೇಕು. ಮೊದಲ ದಿನವೇ ಯಾರನ್ನೂ ಫೇಲ್ ಮಾಡುವುದಿಲ್ಲ ನಾನು. ಸುಣ್ಣಕ್ಕೂ ಮೂರು ದಿನ ಕೊಟ್ಟಿದ್ದೆ.

ಮಾರ್ಚ್ 11, ಮಂಗಳವಾರ. ಸಂಜೆ

ಆಗಬಾರದ್ದು ಆಯಿತು.

ಹನ್ನೊಂದೂವರೆ. ಸಿಗ್ನಲ್ ಕೆಂಪು. ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕಲ್ಲ, ಸಿಕ್ಕಿದ್ದೇ ಸಮಯ ಎಂದು ಟ್ಯೂಬು ತೆಗೆದೆ. ಕೆನ್ನೆಗೆ ಹಚ್ಚಿ ಮುಗಿಯುವಷ್ಟರಲ್ಲಿ ಹಸಿರು. ನರ್ಸಮ್ಮ ಹೊರಟರು, ಹೆದರಿ ಸ್ಟಿಯರಿಂಗ್ ಬಲಕ್ಕೆ ಎಳೆದರು. ಕೈ ಹಾಕಿ ತಿರುಗಿಸಲು ಹೋದೆ—ಕೈ ಜಾರಿತು. ಬೆರಳ ತುಂಬ ಅದೇ ಕ್ರೀಮು, ಸ್ಟಿಯರಿಂಗ್ ಬೆಣ್ಣೆ. ಬ್ರೇಕ್ ತುಳಿದೆ. ಅಷ್ಟರಲ್ಲಿ ಮುಂದಿನ ಬಂಪರ್ ಡಿವೈಡರಿಗೆ ಉಜ್ಜಿತು.

ಯಾರಿಗೂ ಏನೂ ಆಗಿಲ್ಲ. ನರ್ಸಮ್ಮ ಎಂಜಿನ್ ಬಂದ್ ಮಾಡಿ ನನ್ನ ಕಡೆ ತಿರುಗಿದರು. "ನಂದೇ ತಪ್ಪು ಟೀಚರ್" ಅಂದರು. ಅಲ್ಲ. ಮೊಬೈಲ್ ಮುಟ್ಟಬೇಡಿ, ರೇಡಿಯೋ ಮುಟ್ಟಬೇಡಿ ಎಂದು ದಿನವಿಡೀ ಬಾಯಿ ಬಡಿದುಕೊಳ್ಳುವವಳು ನಾನು. ನಾನೇ ಸಿಗ್ನಲ್ಲಿನಲ್ಲಿ ಮುಖಕ್ಕೆ ಬಳಿದುಕೊಂಡು ಕೂತಿದ್ದೆ. ನಾಚಿಕೆಯಾಯಿತು. ಈಗಲೂ ಆಗುತ್ತಿದೆ.

ಮಾರ್ಚ್ 12, ಬುಧವಾರ

ಡ್ರೈವಿಂಗ್ ಸ್ಕೂಲಿನ ಓನರ್ ಕರೆದು ಕೂರಿಸಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ನಾಳೆಯಿಂದ ಆಫೀಸಲ್ಲಿರಿ ಮೇಡಂ. ರೋಡ್ ಸೈನ್ ಕ್ಲಾಸ್ ತಗೊಳ್ಳಿ, ಫೋನ್ ನೋಡ್ಕೊಳ್ಳಿ. ಸಂಬಳ ಅಷ್ಟೇ. ಫ್ಯಾನ್ ಇದೆ, ನೆರಳಿದೆ. ಮುಖಾನೂ ಸರಿಹೋಗುತ್ತೆ. ಬರೋರಿಗೂ ನೋಡೋಕೆ ಒಂಥರಾ ಆಗಲ್ಲ… ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು."

ಒಂಥರಾ. ಹಾಗಾದರೆ ವಿಷಯ ಬಂಪರ್ ಅಲ್ಲ.

ಅಮ್ಮನಿಗೆ ಖುಷಿ. "ದೇವರೇ ದಾರಿ ತೋರಿಸ್ದ. ಬಿಸಿಲಲ್ಲಿ ಸುತ್ತಿದ್ದು ಸಾಕು."

ಮಾರ್ಚ್ 20, ಗುರುವಾರ

ಎಂಟು ದಿನ ಬರೆಯಲಿಲ್ಲ. ಬರೆಯಲು ಏನಿತ್ತು? ತ್ರಿಕೋನದೊಳಗೆ ಬಾಗಿದ ಬಾಣ, ಮುಂದೆ ತಿರುವು. ದಿನಕ್ಕೆ ನಾಲ್ಕು ಸಲ ಅದೇ. ಫ್ಯಾನ್ ಕಿರ್ರೆನ್ನುತ್ತದೆ. ಕಿಟಕಿಯಿಂದ ನನ್ನ ಕಾರು ಹೊರಡುವುದು ಕಾಣುತ್ತದೆ. ನನ್ನ ಸೀಟಿನಲ್ಲಿ ಬೇರೆ ಮೇಷ್ಟ್ರು, ಕಿರುಚಾಟ ಇಲ್ಲಿವರೆಗೆ ಕೇಳಿಸುತ್ತದೆ.

ಮಧ್ಯಾಹ್ನ ನರ್ಸಮ್ಮ ಫೋನ್ ಮಾಡಿದರು. "ಬಿಟ್ಬಿಟ್ಟೆ ಟೀಚರ್. ಆ ಮೇಷ್ಟ್ರು, ನೀವು ಅಡುಗೆಮನೇಲಿ ಇರ್ಬೇಕಾದೋರು ಅಂದ್ರು. ಮೂವತ್ತೈದು ವರ್ಷ ಆಪರೇಷನ್ ಥಿಯೇಟರಲ್ಲಿದ್ದೆ ನಾನು." ಆಮೇಲೆ ದನಿ ತಗ್ಗಿಸಿದರು. "ಇನ್ನೊಂದ್ಸಲ ಫೇಲಾಗೋಕೆ ಧೈರ್ಯ ಇಲ್ಲ. ನೀವಿದ್ರೆ ಬೇರೆ."

ಫೋನ್ ಇಟ್ಟೆ. ಕಲೆ ಇದ್ದವಳು ಒಳಗೆ, ವಯಸ್ಸಾದವಳು ಅಡುಗೆಮನೆಗೆ. ರಸ್ತೆ ಯಾರಪ್ಪನ ಮನೆಯದು?

ಮಾರ್ಚ್ 21, ಶುಕ್ರವಾರ

ರಜೆ ಹಾಕಿ ಚರ್ಮದ ಡಾಕ್ಟರ ಹತ್ತಿರ. ಎರಡೂ ಟ್ಯೂಬು ಮೇಜಿನ ಮೇಲಿಟ್ಟೆ. ಓದಿ ತಲೆ ಚಚ್ಚಿಕೊಂಡರು. ಎರಡೂ ಒಣ ಚರ್ಮದವರಿಗೆ ಮಾಡಿದವು. ನನ್ನಂಥವರಿಗೆ ಕ್ರೀಮ್ ಬೇಡ, ಜೆಲ್ ಅಥವಾ ನೀರಿನ ಹಾಗಿರುವ ತೆಳು ಲೋಷನ್. ಡಬ್ಬಿಯ ಮೇಲೆ ಎಣ್ಣೆ ಇಲ್ಲ, ರಂಧ್ರ ಮುಚ್ಚಲ್ಲ ಎಂದಿರಬೇಕು. ಎಸ್‌ಪಿಎಫ್ ಐವತ್ತು ಸಾಕು, ಕಪ್ಪಾಗೋದನ್ನ ತಡೆಯಲು ಪಿಎ ಮುಂದೆ ಪ್ಲಸ್ ಗುರುತು ಜಾಸ್ತಿ ಇರಲಿ. ಬಂಗಿಗೆ ತುಸು ಮೈಬಣ್ಣ ಬೆರೆತದ್ದು ಒಳ್ಳೆಯದು. ಅದರ ಮುಂಚೆ ಬೇರೆ ಕ್ರೀಮಿನ ಅಗತ್ಯವೂ ನನಗಿಲ್ಲವಂತೆ.

"ಎಷ್ಟು ಹಚ್ತೀರಾ?"

"ಕಡಲೆಕಾಳಷ್ಟು."

"ಎರಡು ಬೆರಳುದ್ದ. ಎರಡೂ ಕೆನ್ನೆಗೆ ತಾನೇ?"

ನಿಜ ಹೇಳಿದೆ. ಬಿಸಿಲು ಎಡಕ್ಕೆ ಎಂದು ಎಡಕ್ಕೆ ಮಾತ್ರ ಚೆನ್ನಾಗಿ ಹಚ್ಚುತ್ತಿದ್ದೆ, ಬಲಕ್ಕೆ ಶಾಸ್ತ್ರಕ್ಕೆ. ಡಾಕ್ಟರು ನಕ್ಕರು. "ಕಾರಿಂದ ಇಳಿಯೋದೇ ಇಲ್ವಾ ನೀವು?"

ಮಾರ್ಚ್ 28, ಶುಕ್ರವಾರ

ಮೂರನೆಯದು ಜೆಲ್. ತಿರುವು ಪಾಸ್, ಏರಿನಲ್ಲಿ ಕಣ್ಣು ಧಾರಾಕಾರ. ಫೇಲ್.

ನಾಲ್ಕನೆಯದು ತೆಳು ಲೋಷನ್. ಅಲ್ಲಾಡಿಸಿದರೆ ನೀರಿನಂತೆ ಗುಳುಗುಳು. ಮೈಬಣ್ಣದ್ದು. ಐದು ದಿನದಿಂದ ಊಟದ ಹೊತ್ತಿಗೆ ಆಫೀಸಿನ ಹಿಂದೆ ನಿಂತ ಹಳೇ ಕಾರಿನಲ್ಲಿ, ಎಡಸೀಟಿನಲ್ಲಿ, ಗಾಜು ಏರಿಸಿ, ಒಂದು ಗಂಟೆ ಕೂರುತ್ತೇನೆ. ಬೇಯುತ್ತದೆ. ಟೈಪಿಸ್ಟ್ ಹುಡುಗಿ ಬಂದು ಗಾಜು ತಟ್ಟಿದಳು: "ಮೇಡಂ, ಮನೇಲಿ ಏನಾದ್ರೂ ಜಗಳಾನಾ?"

ಹೊರಡುವುದು: ಹತ್ತಕ್ಕೆ ಒಂಬತ್ತು. ತಿರುವು: ಎಂಟು, ಮೂಗಿನ ತುದಿ ಸ್ವಲ್ಪ ಹೊಳಪು, ಮೂಗೇ ಹಾಗೆ. ಏರು: ಕಣ್ಣುರಿ ಇಲ್ಲ. ಇಲ್ಲವೇ ಇಲ್ಲ. ನಿಲುಗಡೆ: ಹೊಸ ಮೊಡವೆ ಒಂದೂ ಇಲ್ಲ.

ಪಾಸ್. ಕೆಂಪು ಪೆನ್ನಿನಲ್ಲಿ ಸಹಿ ಹಾಕಿದೆ. ಕೈಗೂ ಒಂದು ನಿಯಮ ಬರೆದೆ: ಗಾಡಿ ಪಕ್ಕಕ್ಕೆ, ಎಂಜಿನ್ ಬಂದ್, ಹ್ಯಾಂಡ್‌ಬ್ರೇಕ್, ಆಮೇಲೆ ಮುಖ. ಕೈ ಸೋಪಿನಲ್ಲಿ ತೊಳೆದು ಒರೆಸದೆ ಬೆಲ್ಟ್ ಕೂಡ ಮುಟ್ಟಕೂಡದು.

ಏಪ್ರಿಲ್ 2, ಬುಧವಾರ

ಶೀಟು ಓನರ್ ಮೇಜಿನ ಮೇಲಿಟ್ಟೆ. ಕನ್ನಡಕ ಏರಿಸಿ ಓದಿದರು, ಇಳಿಸಿ ನನ್ನ ನೋಡಿದರು.

"ಅವತ್ತಿನ ತಪ್ಪು ನಿಮ್ದೇ ಅಲ್ವಾ ಮೇಡಂ?"

"ನಂದೇ ಸಾರ್. ಕೈಯದ್ದು. ಅದಕ್ಕೆ ಮುಖಾನ ಯಾಕೆ ಒಳಗೆ ಕೂರಿಸ್ತೀರಾ?"

"ಜನ ನೋಡ್ತಾರೆ…"

"ನೋಡ್ಲಿ. ಕಲಿಯೋರು ರಸ್ತೆ ನೋಡಿದ್ರೆ ಸಾಕು. ನಾಳೆ ಮಧ್ಯಾಹ್ನ ಒಂದು ಗಂಟೆಗೆ ನೀವೇ ಲರ್ನರ್ ಆಗಿ ಬನ್ನಿ. ನನ್ನ ಕಣ್ಣಿಂದ ಒಂದು ಹನಿ ಬಂದ್ರೆ, ಕೈ ಒಂದ್ಸಲ ಜಾರಿದ್ರೆ, ತ್ರಿಕೋನ ಬಾಣ ಅಂತ ಪಾಠ ಮಾಡ್ಕೊಂಡು ಇಲ್ಲೇ ಇರ್ತೀನಿ."

ಶೀಟು ಅಲ್ಲೇ ಬಿಟ್ಟು ಎದ್ದು ಬಂದೆ. ಅಮ್ಮನಿಗೆ ಹೇಳಿಲ್ಲ.

ಏಪ್ರಿಲ್ 3, ಗುರುವಾರ. ಮಧ್ಯಾಹ್ನ 3.00

ಓನರ್‌ಗೆ ಡ್ರೈವಿಂಗ್ ಬರುವುದಿಲ್ಲ. ಮೂವತ್ತು ವರ್ಷದಿಂದ ಸ್ಕೂಲು ನಡೆಸುತ್ತಾರೆ, ಇಂಡಿಕೇಟರ್ ಹಾಕದೆ ತಿರುಗುತ್ತಾರೆ. ಒಂದು ಗಂಟೆ ಸುತ್ತಿಸಿದೆ, ಸೂರ್ಯ ಎಡಕ್ಕೇ ಇರುವ ರಸ್ತೆ ಹುಡುಕಿ ಹುಡುಕಿ. ಮಧ್ಯೆ ಪೆಟ್ರೋಲ್ ಬಂಕಿನಲ್ಲಿ ಗಾಡಿ ನಿಲ್ಲಿಸಲು ಹೇಳಿ, ಇಳಿದು, ಹಚ್ಚಿ, ಕೈ ತೊಳೆದು ಬಂದೆ. ಪೂರ್ತಿ ನೋಡಿದರು. ಬಂಕ್ ದಾಟಿದ ಮೇಲೆ ಒಂದು ಸ್ಕೂಟರಿನ ಮೇಲೇ ಗಾಡಿ ಹತ್ತಿಸುವುದರಲ್ಲಿದ್ದರು. ಒಂದು ಕೈಯಲ್ಲಿ ಸ್ಟಿಯರಿಂಗ್ ಹಿಡಿದು ಎಳೆದೆ. ಕೈ ಜಾರಲಿಲ್ಲ.

ಓನರ್ ಸ್ಕೂಲಿನ ಮುಂದೆ ಗಾಡಿ ನಿಲ್ಲಿಸಿದರು. ಆಮೇಲೆ, "ಶುಕ್ರವಾರದಿಂದ ಬೆಳಗಿನ ಬ್ಯಾಚ್ ತಗೊಳ್ತೀರಾ?"

"ನಾಳೆನೇ ಶುಕ್ರವಾರ ಸಾರ್. ಎಲ್ಲಾ ಬ್ಯಾಚೂ ತಗೊಳ್ತೀನಿ. ನರ್ಸಮ್ಮನ ಹೆಸ್ರೂ ವಾಪಸ್ ಬರೀರಿ."

ಇಳಿಯುವಾಗ ಹಣೆ ಒರೆಸಿಕೊಂಡರು. ಕರ್ಚೀಫು ಒದ್ದೆ. "ಆ ಲೋಷನ್… ಗಂಡಸರಿಗೂ ಆಗುತ್ತಾ?"

ಏಪ್ರಿಲ್ 4, ಶುಕ್ರವಾರ. ಬೆಳಿಗ್ಗೆ

ಅಮ್ಮ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದಳು. "ಇವತ್ತು ಹಚ್ಚಿಲ್ವಾ?" ಹಚ್ಚಿದೀನಿ ಅಂದೆ. "ಮತ್ತೆ ಕಲೆ ಕಾಣ್ತಿದೆಯಲ್ಲೇ." ಕಾಣಲಿ ಅಮ್ಮ. ಅದನ್ನ ಮುಚ್ಚೋಕೆ ಅಲ್ಲ ಇದು, ನಾನು ಹೊರಗೆ ಹೋಗೋಕೆ. ಅಮ್ಮ ಟಿಫಿನ್ ಬಾಕ್ಸ್ ಕೈಗಿತ್ತಳು.

ಏಪ್ರಿಲ್ 16, ಬುಧವಾರ. 11.20, ಟೆಸ್ಟ್ ಟ್ರ್ಯಾಕ್

ನರ್ಸಮ್ಮನ ಸರದಿ. ಪಕ್ಕದಲ್ಲಿ ಇನ್ಸ್‌ಪೆಕ್ಟರ್. ಜತೆಗೆ ಬಂದವರೆಲ್ಲ ಶೆಡ್ಡಿನ ನೆರಳಿನಲ್ಲಿ ನಿಲ್ಲಬೇಕಂತೆ. ಅಲ್ಲಿಂದ ಏರು ಕಾಣುವುದಿಲ್ಲ, ಅವರಿಗೂ ನಾನು ಕಾಣುವುದಿಲ್ಲ. ಗಾರ್ಡ್ ಹೇಳಿದ, "ಬಿಸಿಲು ಮೇಡಂ, ಒಳಗೆ ಬನ್ನಿ." ಬರುವುದಿಲ್ಲ ಅಂದೆ. ಬೇಲಿಗೆ ಒರಗಿ ಇಲ್ಲೇ ಬರೆಯುತ್ತಿದ್ದೇನೆ, ಕೈ ಸುಮ್ಮನಿರುತ್ತಿಲ್ಲ. ಬಿಸಿಲು ನೇರ ಮುಖಕ್ಕೆ, ಎರಡೂ ಕೆನ್ನೆಗೆ.

ತಿರುವು ಆಯಿತು. ಏರಿನ ನಡುವೆ ನಿಲ್ಲಿಸಿದರು. ಇಲ್ಲೇ ಎರಡು ಸಲ… ಗಾಡಿ ಹಿಂದಕ್ಕೆ ಒಂದು ಗೇಣು. ಕಿಟಕಿಯಿಂದ ನನ್ನ ಕಡೆ ನೋಡಿದರು. ಕೈ ಎತ್ತಲಿಲ್ಲ, ಸನ್ನೆ ಮಾಡಲಿಲ್ಲ, ನಿಂತೆ ಅಷ್ಟೇ. ಅವರು ಮುಖ ಮುಂದಕ್ಕೆ ತಿರುಗಿಸಿದರು. ಹಿಡಿದಿದೆ. ಜಾರುತ್ತಿಲ್ಲ. ಎಂಜಿನ್ ಸದ್ದು ಏರಿತು, ಮುಂದಿನ ಚಕ್ರ ಹೊರಳಿ ಮೇಲಕ್ಕೆ, ಇನ್ನೊಂದು ಮೊಳ, ನರ್ಸಮ್ಮಾ ಬಿಡಬೇಡಿ, ಬಿಡಬೇಡಿ—ಏರು ಹತ್ತಿದರು.