ಜಗಿದ ಮೂಳೆಗಳ ಡಬ್ಬಿ

ಶುಕ್ರವಾರ, ಮಧ್ಯಾಹ್ನ

ರೀ,

‘ಪ್ರೀತಿಯ’ ಎಂದು ಬರೆದು ಹೊಡೆದುಹಾಕಿದ್ದೇನೆ, ಸಿಟ್ಟಾಗಬೇಡಿ. ಅಥವಾ ಆಗಿ. ನಿಮ್ಮ ಕೈ ಇಲ್ಲಿಯವರೆಗೆ ಚಾಚುವುದಿಲ್ಲ. ಅಕ್ಷರ ಸೊಟ್ಟಗಿದೆ, ಮುರಿದ ಕೈ ಸೊಟ್ಟಗೇ ಕೂಡಿದೆ.

ಮಗಳಿಗೆ ಕಳಿಸಿದ ಡಬ್ಬಿ ಬಂತು. ಅವಳು ಮತ್ತೆ ಮೂಳೆಯ ಡೈನೋಸಾರ್ ಕಟ್ಟಲಿ ಎಂದು ನೀವು ತಿಂದ ಕೋಳಿಯ ಮೂಳೆ ತೊಳೆದು, ಒಣಗಿಸಿ, ಹತ್ತಿಯಲ್ಲಿ ಸುತ್ತಿ ಕಳಿಸಿದ್ದೀರಿ. ನನ್ನ ಕರುಳು ಚುರುಕ್ ಎಂದಿತು, ಸುಳ್ಳು ಯಾಕೆ ಹೇಳಲಿ. ಅವಳು ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿ, ಅಪ್ಪ ಎಲ್ಲಾನೂ ಕಚ್ಚಿಬಿಟ್ಟಿದಾರೆ ಅಂದಳು. ನಿಜವೇ. ತೊಡೆ ಮೂಳೆಯ ಎರಡೂ ತುದಿ ಜಗಿದು, ನಡು ಸೀಳಿ ಹೀರಿದ್ದೀರಿ. ಕೀಲೇ ಇಲ್ಲದ ಮೂಳೆಯನ್ನು ಯಾವುದಕ್ಕೆ ಅಂಟಿಸುವುದು? ಕ್ಷಮೆ ಕೇಳಲು ಕಳಿಸಿದ್ದರಲ್ಲೂ ಒಂದನ್ನೂ ಮುರಿಯದೆ ಬಿಡಲಾಗಲಿಲ್ಲ ನಿಮಗೆ. ಹುಟ್ಟುಗುಣ ಸುಟ್ಟರೂ ಹೋಗದು ಎಂದು ಸುಮ್ಮನೆ ಹೇಳಿದರೇ?

ಭಾನುವಾರ ಬಂದು ಅವಳನ್ನು ಕರೆದೊಯ್ಯುತ್ತೇನೆ ಎಂದಿದ್ದೀರಿ. ಬರಬೇಡಿ. ಕಾರಣವನ್ನು ಕೊನೆಗೆ ಬರೆಯುತ್ತೇನೆ, ಧೈರ್ಯ ಬಂದರೆ.

ನನ್ನ ಕೈ ಮುರಿದ ಆ ಸಂಜೆ ಅವಳು ನಿಮ್ಮ ಹಲ್ಲುಜ್ಜುವ ಬ್ರಷ್‌ನಿಂದ ಕೋಳಿಯ ಕತ್ತಿನ ಮೂಳೆ ಉಜ್ಜಿದ್ದಳು. ಹಳೆಯದೆಂದು ತಿಳಿದು ಹೊಸದನ್ನೇ ಎತ್ತಿಕೊಂಡಿದ್ದಳು, ಅಷ್ಟೇ. ಬೇರೆ ಅಪ್ಪ ಆಗಿದ್ದರೆ ನಕ್ಕು ಇನ್ನೊಂದು ಕೊಳ್ಳುತ್ತಿದ್ದ. ನೀವು ಮೇಜಿನ ಮೇಲಿದ್ದ ಡೈನೋಸಾರನ್ನು ಬಾಲ ಹಿಡಿದೆತ್ತಿ ಗೋಡೆಗೆ ಬಡಿದಿರಿ. ಬೇಸಿಗೆಯಿಡೀ ತಂತಿಗೆ ಪೋಣಿಸಿದ್ದ ಬೆನ್ನು ಪಟಪಟನೆ ಉದುರಿತು. ಉಳಿದದ್ದನ್ನು ಬೂಟುಗಾಲಿನಲ್ಲಿ ತುಳಿದು ಪುಡಿ ಮಾಡಿದಿರಿ. ಮೂಳೆಗಳ್ಳಿ, ಈಗ ನಿನ್ನ ಮೂಳೆ ಎಣಿಸ್ತೀನಿ ನೋಡು ಎನ್ನುತ್ತ ಅವಳ ಜಡೆಗೆ ಕೈಹಾಕಿದಿರಿ. ಮೊದಲು ಮುದ್ದಿಗೆ ಕರೆಯುತ್ತಿದ್ದ ಹೆಸರು ಅದು.

ನಾನು ಅಡ್ಡ ಬಂದೆ. ನನ್ನ ಬಲಗೈ ಹಿಂದಕ್ಕೆ ತಿರುಚಿದಿರಿ, ಲಟಕ್ಕೆಂದಿತು. ನೆಲಕ್ಕೆ ಕೆಡವಿ, ಬಾಯಲ್ಲಿ ರಕ್ತ ಬರುವ ತನಕ ಒದ್ದಿರಿ. ಆಗಲೇ ಹಿಂದಿನಿಂದ ಕಬ್ಬಿಣದ ಬಾಣಲೆ ನಿಮ್ಮ ತಲೆಗೆ ಅಪ್ಪಳಿಸಿದ್ದು. ಕಿವಿ ಹರಿದು ಜೋತುಬಿತ್ತು, ನೀವು ಬೋರಲು ಬಿದ್ದಿರಿ. ನಾನೇ ಹೊಡೆದೆ ಎಂದು ಪೊಲೀಸರಿಗೆ ಹೇಳಿದೆ, ಅಕ್ಕನಿಗೆ ಹೇಳಿದೆ, ಆಸ್ಪತ್ರೆಯಲ್ಲಿ ನಿಮಗೂ ಹೇಳಿದೆ.

ಈಗ ಅಕ್ಕನ ಮನೆಯಲ್ಲಿದ್ದೇವೆ. ಕ್ಯಾಂಟೀನಿನಲ್ಲಿ ಅಡುಗೆ ಮಾಡುವ ಅವಳು ದಿನಾ ಇಡೀ ಇಡೀ ಮೂಳೆ ತಂದುಕೊಡುತ್ತಾಳೆ. ಹೊಸ ಡೈನೋಸಾರ್ ಕಿಟಕಿಯೆತ್ತರ ನಿಂತಿದೆ. ಹಲ್ಲಿನದ್ದೇ ಚಿಂತೆಯಾಗಿತ್ತು, ಕೋಳಿಗೆ ಹಲ್ಲೆಲ್ಲಿಂದ ಬರಬೇಕು? ನಿಮ್ಮ ಡಬ್ಬಿ ಆಗ ಉಪಯೋಗಕ್ಕೆ ಬಂತು. ನೀವು ಸೀಳಿದ ಚೂರುಗಳನ್ನು ಕಲ್ಲಿಗೆ ಉಜ್ಜಿ, ಚೂಪು ಮಾಡಿ, ಸಾಲಾಗಿ ಅಂಟಿಸಿದ್ದಾಳೆ. ಬೆರಳಿಟ್ಟು ನೋಡಿದೆ, ರಕ್ತ ಬಂತು. ಮಗಳು ನಕ್ಕಳು. ನನಗೆ ಹೆದರಿಕೆಯಾಯಿತು.

ಇಂತಿ,
ನಿಮ್ಮವಳಾಗಿದ್ದವಳು

ಮೇಲೆ ಬರೆಯಲಾಗದ್ದು: ಆ ಬಾಣಲೆ ಎರಡು ಕೈ ಹಾಕದೆ ಏಳುವುದಿಲ್ಲ. ನನ್ನದು ಒಂದು ಆಗಲೇ ಮುರಿದಿತ್ತು. ಹೊಡೆದವಳು ಮಗಳು. ಹೊಡೆದು ಅಳಲೂ ಇಲ್ಲ, ನಿಮ್ಮ ಬೂಟಿನಡಿಯಿಂದ ಕತ್ತಿನ ಮೂಳೆಗಳನ್ನು ಆರಿಸಿಕೊಂಡಳು. ನೀವು ಬರುವ ಸುದ್ದಿ ಕೇಳಿದಾಗಿನಿಂದ ಅಕ್ಕನ ಬಾಣಲೆ ಅವಳ ಮಂಚದ ಕೆಳಗಿದೆ. ಎರಡು ಸಲ ತೆಗೆದಿಟ್ಟೆ, ಎರಡು ಸಲವೂ ವಾಪಸ್ ಹೋಗಿದೆ. ನಿಮ್ಮ ತಲೆ ಉಳಿಯಲೆಂದು ಬೇಡುತ್ತಿಲ್ಲ. ಅವಳು ಇನ್ನೂ ಹತ್ತರ ಮಗು ರೀ. ಬರಬೇಡಿ.